ಸೇತುವೆ ಮುಳುಗುವ ಮೊದಲೇ ದಡ ಸೇರಬೇಕಾದ ನೆರವು

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಒಟ್ಟೊಟ್ಟಿಗೆ ಉಕ್ಕಿದಾಗ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು. ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹೊರಬಿಡಬೇಕಾಯಿತು. ನಾಡಿನ ಮೂಲೆಮೂಲೆಯಿಂದ ಲಾರಿ, ಟೆಂಪೊ, ಕ್ರೂಸರ್‌ಗಳಲ್ಲಿ ನೆರವು ಹರಿದು ಬಂತು. ಬೆಂಗಳೂರಿನ ಅಪಾರ್ಟ್‌ಮೆಂಟಿನವರು, ಮಂಗಳೂರಿನ ಕಾಲೇಜು ಹುಡುಗರು, ಪಕ್ಕದ ಜಿಲ್ಲೆಯ ರೈತರು ಎಲ್ಲರೂ ಕೈ ಜೋಡಿಸಿದರು. ಆ ಔದಾರ್ಯವನ್ನು ಈ ಭಾಗದ ಜನ ಇಂದಿಗೂ ನೆನೆಯುತ್ತಾರೆ. ಆದರೆ ಬಂದದ್ದೆಲ್ಲ ಬೇಕಾದವರ ಕೈಗೆ, ಬೇಕಾದ ದಿನಕ್ಕೆ ಮುಟ್ಟಲಿಲ್ಲ ಎನ್ನುವುದೂ ಅಷ್ಟೇ ನಿಜ. ಇದಕ್ಕೆ ಮುಖ್ಯ ಕಾರಣ, ನೆರವು ಎಂದರೆ ಏನು ಎಂಬ ಬಗ್ಗೆ ನಮ್ಮಲ್ಲಿ ಬೇರೂರಿರುವ ಕೆಲವು ತಪ್ಪು ತಿಳಿವಳಿಕೆಗಳು. 2021ರಲ್ಲಿ, 2024ರಲ್ಲಿ ಮತ್ತೆ ಹೊಳೆ ಬಂದಾಗಲೂ ಅವು ಪೂರ್ತಿ ಅಳಿದಿರಲಿಲ್ಲ. ಅವನ್ನು ಒಂದೊಂದಾಗಿ ಬಿಡಿಸಿ ನೋಡುವ ಹೊತ್ತು ಬೇಸಿಗೆಯೇ ಹೊರತು ಆಗಸ್ಟ್ ಅಲ್ಲ.

ತಪ್ಪು ಕಲ್ಪನೆ: “ನೆರೆ ಬಂದ ಮೇಲೆ ಸಾಮಾನು ಕೂಡಿಸಿ ಕಳಿಸಿದರಾಯಿತು.”

ವಾಸ್ತವ: ಭೂಕಂಪ ಹೇಳಿ ಬರುವುದಿಲ್ಲ. ನಮ್ಮ ಹೊಳೆಗಳು ಹೇಳಿಯೇ ಬರುತ್ತವೆ. ಕೊಯ್ನಾ, ಮಹಾಬಳೇಶ್ವರದ ಕಡೆ ಮಳೆ ಹಿಡಿದರೆ ಆ ನೀರು ಸಾಂಗ್ಲಿ ದಾಟಿ, ರಾಜಾಪುರ ಬ್ಯಾರೇಜ್ ದಾಟಿ ಹಿಪ್ಪರಗಿಗೆ ಬರಬೇಕು. ಘಟಪ್ರಭೆಯ ನೀರು ಹಿಡಕಲ್ ಜಲಾಶಯದಿಂದ ಹೊರಟು, ದಾರಿಯಲ್ಲಿ ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳನ್ನು ಕೂಡಿಸಿಕೊಂಡು, ಗೋಕಾಕದ ಲೋಳಸೂರ ಸೇತುವೆ ದಾಟಿ ಮುಧೋಳಕ್ಕೆ ಇಳಿಯಬೇಕು. ಮಳೆಗಾಲದಲ್ಲಿ ಜಮಖಂಡಿ ಕಡೆಯ ಹೊಳೆಸಾಲಿನ ರೈತ ಬೆಳಿಗ್ಗೆ ಎದ್ದು ಮೊಬೈಲಿನಲ್ಲಿ ಮೊದಲು ನೋಡುವುದು ‘ರಾಜಾಪುರದಿಂದ ಎಷ್ಟು ಬಿಟ್ಟಾರ’ ಎಂಬುದನ್ನೇ. ಅಂದರೆ ಸಿದ್ಧತೆಗೆ ಒಂದೆರಡು ದಿನದ ಅವಕಾಶ ಹೊಳೆಯೇ ಕೊಡುತ್ತದೆ. ಆ ಅವಧಿಯಲ್ಲಿ ಮೋಟರು ಬಿಚ್ಚಬೇಕು, ಎಮ್ಮೆ-ಎತ್ತು ಸಾಗಿಸಬೇಕು, ಮುದುಕರನ್ನು ಎತ್ತಿಕೊಂಡು ಹೋಗಬೇಕು. ಸಾಮಾನು ಕೊಳ್ಳಲು, ಟೆಂಡರು ಕರೆಯಲು, ದಾನಿಗಳಿಗೆ ಫೋನು ಮಾಡಲು ಆಗ ಪುರಸೊತ್ತು ಇರುವುದಿಲ್ಲ.

ಜಗತ್ತಿನ ದೊಡ್ಡ ನೆರವು ಸಂಸ್ಥೆಗಳು ಇದನ್ನು ಎಂದೋ ಅರಿತಿವೆ. ವಿಶ್ವ ಆಹಾರ ಕಾರ್ಯಕ್ರಮ ನಡೆಸುವ ವಿಶ್ವಸಂಸ್ಥೆಯ ತುರ್ತು ಉಗ್ರಾಣ ಇಟಲಿಯ ಬ್ರಿಂಡಿಸಿಯಲ್ಲಿ 2000ರಲ್ಲಿ ಶುರುವಾಯಿತು. ಬರಬರುತ್ತ ದುಬೈ, ಘಾನಾದ ಅಕ್ರಾ, ಪನಾಮಾ, ಕ್ವಾಲಾಲಂಪುರ, ಸ್ಪೇನಿನ ಲಾಸ್ ಪಾಲ್ಮಾಸ್‌ಗಳಲ್ಲೂ ಇಂಥ ನೆಲೆಗಳು ಆದವು. ಡೇರೆ, ಹೊದಿಕೆ, ನೀರಿನ ಕ್ಯಾನು, ನೀರು ಶುದ್ಧಿ ಯಂತ್ರ, ಜನರೇಟರು, ಹೊಟ್ಟೆ ತುಂಬಿಸುವ ಬಿಸ್ಕತ್ತು ಎಲ್ಲವೂ ಅಲ್ಲಿ ಮೊದಲೇ ಕಟ್ಟಿ ಇಟ್ಟಿರುತ್ತವೆ. ನಮ್ಮ ದೇಶವೂ ಇದೇ ದಾರಿ ಹಿಡಿದಿದೆ. 2025ರ ಮಾರ್ಚ್ 28ರಂದು ಮ್ಯಾನ್ಮಾರ್‌ನಲ್ಲಿ ಭೂಕಂಪವಾಯಿತು. ಮರುದಿನವೇ ಹಿಂಡನ್ ವಾಯುನೆಲೆಯಿಂದ ಹೊರಟ ವಿಮಾನದಲ್ಲಿ ಸುಮಾರು 15 ಟನ್ ನೆರವಿತ್ತು: ಡೇರೆ, ಮಲಗುವ ಚೀಲ, ಹೊದಿಕೆ, ತಯಾರಿ ಊಟ, ನೀರು ಶುದ್ಧಿ ಸಾಧನ, ಸೌರ ದೀಪ, ಜನರೇಟರು, ಔಷಧ. ಒಂದೇ ದಿನದಲ್ಲಿ ಅದು ಹೊರಡಲು ಸಾಧ್ಯವಾದದ್ದು ಅಷ್ಟೂ ಸಾಮಾನು ಮೊದಲೇ ಕೈಯಳತೆಯಲ್ಲಿ ಇದ್ದುದರಿಂದ.

ನಮ್ಮಲ್ಲಿ ಉಗ್ರಾಣ ಎಲ್ಲಿರಬೇಕು ಎಂಬುದಕ್ಕೆ ಸೇತುವೆಗಳೇ ಉತ್ತರ ಹೇಳುತ್ತವೆ. ಮುಧೋಳದ ಯಾದವಾಡ ಸೇತುವೆ, ಮಹಾಲಿಂಗಪುರದ ಕಡೆಯ ನಂದಗಾಂವ, ಢವಳೇಶ್ವರ ಸೇತುವೆಗಳು ಯಾವ ಮಟ್ಟಕ್ಕೆ ನೀರು ಬಂದರೆ ಮುಳುಗುತ್ತವೆ ಎಂಬುದನ್ನು ಅಲ್ಲಿನ ಹುಡುಗರೂ ಬಾಯಿಪಾಠ ಒಪ್ಪಿಸುತ್ತಾರೆ. ಸೇತುವೆ ಮುಳುಗಿದ ಮೇಲೆ ತಾಲ್ಲೂಕು ಕಚೇರಿಯ ಕೋಣೆಯಲ್ಲಿ ತಾಡಪತ್ರಿ ರಾಶಿ ಬಿದ್ದಿದ್ದರೂ ಆಚೆ ದಡದವರಿಗೆ ಅದು ಇಲ್ಲದ ಹಾಗೆಯೇ. ಜಮಖಂಡಿ ತಾಲ್ಲೂಕಿನ ಮುತ್ತೂರು, ಕಂಕಣವಾಡಿಯ ಗುಹೇಶ್ವರ ಗಡ್ಡೆಯಂಥ ಕಡೆ ಸುತ್ತಲೂ ಕೃಷ್ಣೆ. ಹೊಳೆ ಏರಿತೆಂದರೆ ಬೋಟೊಂದೇ ಗತಿ. ಅಲ್ಲಿಗೆ ಬೇಕಾದ ಅಕ್ಕಿ, ಬೇಳೆ, ತಾಡಪತ್ರಿ, ಟಾರ್ಚು, ಹಾವು ಕಡಿತದ ಚುಚ್ಚುಮದ್ದು ಸಿಗುವ ಆಸ್ಪತ್ರೆಗೆ ಕರೆದೊಯ್ಯುವ ಬೋಟಿನ ಡೀಸೆಲ್ಲು, ಇವೆಲ್ಲ ಜೂನ್ ತಿಂಗಳಲ್ಲೇ ಆ ದಡದ ಎತ್ತರದ ಶಾಲೆಯಲ್ಲೋ ಗುಡಿಯಲ್ಲೋ ಇರಬೇಕು. ನಾಲ್ಕು ತಾಲ್ಲೂಕಿಗೆ ನಾಲ್ಕು ದೊಡ್ಡ ಗೋದಾಮು ಕಟ್ಟುವುದಕ್ಕಿಂತ, ಕಡಿದುಹೋಗುವ ಪ್ರತಿ ದಡಕ್ಕೂ ಒಂದು ಚಿಕ್ಕ ಕೋಣೆ ತುಂಬಿಡುವುದು ಹೆಚ್ಚು ಉಪಯೋಗದ ಕೆಲಸ.

ತಪ್ಪು ಕಲ್ಪನೆ: “ಹಳೇ ಬಟ್ಟೆ ಕೊಟ್ಟರೆ ಯಾರಿಗಾದರೂ ಆಗಿ ಬರುತ್ತದೆ.”

ವಾಸ್ತವ: ಪರಿಹಾರ ಕೇಂದ್ರಕ್ಕೆ ಬಂದ ಒಂದು ಚೀಲ ಬಿಚ್ಚಿ ನೋಡಿ. ಮೇಲ್ಗಡೆ ಒಂದೆರಡು ಒಳ್ಳೆಯ ಶರ್ಟು ಇರುತ್ತವೆ. ಅವುಗಳ ಕೆಳಗೆ ಗುಂಡಿ ಕಿತ್ತ ಜೀನ್ಸು, ಜಿಪ್ಪು ಹೋದ ಪ್ಯಾಂಟು, ಬಣ್ಣ ಬಿಟ್ಟ ನೈಟಿ, ಜೋಡಿಯಿಲ್ಲದ ಕಾಲುಚೀಲ, ಯಾವುದೋ ಮದುವೆಗೆ ಒಮ್ಮೆ ಉಟ್ಟು ಬಿಟ್ಟ ಜರಿ ಲಂಗ. ಹೊಳೆಸಾಲಿನ ಹಳ್ಳಿಯಲ್ಲಿ ಜೀವಮಾನವಿಡೀ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದ ಹೆಣ್ಣುಮಗಳು ಆ ರಾಶಿಯಲ್ಲಿ ಕೈಯಾಡಿಸಿ ಏನು ಆರಿಸಿಯಾಳು? ಅವಳಿಗೆ ಬೇಕಾದದ್ದು ಮೈಗೆ ಹೊಂದುವ ಕುಪ್ಪಸ, ಒಳಲಂಗ, ಒಳಉಡುಪು, ತಿಂಗಳ ಬಟ್ಟೆ. ಚೀಲದಲ್ಲಿ ಇಲ್ಲದ್ದೂ ಅವೇ, ಊರ ಗಂಡಸರ ಮುಂದೆ ಬಾಯಿಬಿಟ್ಟು ಕೇಳಲಾಗದ್ದೂ ಅವೇ. ಮನೆ ಕಳೆದುಕೊಂಡವರು ಮರ್ಯಾದೆ ಕಳೆದುಕೊಂಡಿರುವುದಿಲ್ಲ. ನಿನ್ನೆಯವರೆಗೆ ಹತ್ತು ಜನಕ್ಕೆ ಉಣ್ಣಿಸಿದ ರೈತನ ಮನೆಯವರನ್ನು ಇನ್ನೊಬ್ಬರು ಬಿಸಾಡಿದ ಬಟ್ಟೆಯ ಗುಡ್ಡೆಯ ಮುಂದೆ ಸಾಲು ನಿಲ್ಲಿಸುವುದು ನೋಡಲಾಗದ ನೋವು.

ಇದು ನಮ್ಮೊಂದೇ ಕಡೆಯ ಕಥೆಯಲ್ಲ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಹಳೇ ಬಟ್ಟೆಗಳು ರಸ್ತೆಬದಿಯಲ್ಲಿ ಗುಡ್ಡೆಗುಡ್ಡೆಯಾಗಿ ಬಿದ್ದು, ಅವನ್ನು ಎತ್ತಿ ವಿಂಗಡಿಸುವುದೇ ಆಡಳಿತಕ್ಕೆ ಇನ್ನೊಂದು ಕೆಲಸವಾಯಿತು. ದೆಹಲಿಯ ಗೂಂಜ್ ಸಂಸ್ಥೆ ಅಂಥ ಬಟ್ಟೆಯನ್ನು ಒಯ್ದು, ಒಗೆದು, ವಿಂಗಡಿಸಿ ಬೇರೆ ಉಪಯೋಗಕ್ಕೆ ತಂದದ್ದು ಹೌದು. ಆದರೆ ಅದಕ್ಕೆ ಕೈಗಳು, ಜಾಗ, ತಿಂಗಳುಗಟ್ಟಲೆ ಸಮಯ ಬೇಕು. ನೀರು ಏರುತ್ತಿರುವ ದಿನ ಊರ ಶಾಲೆಯಲ್ಲಿ ಈ ಮೂರೂ ಇರುವುದಿಲ್ಲ. ಇದ್ದ ಒಂದೇ ಕೋಣೆಯನ್ನು ಬಟ್ಟೆ ನುಂಗಿದರೆ ಒಂದು ಬಾಣಂತಿಗೆ ಮಲಗಲು ಜಾಗ ಕಡಿಮೆಯಾಗುತ್ತದೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ರಬಕವಿ, ಬನಹಟ್ಟಿ ನೇಕಾರರ ಊರುಗಳು. ಮನೆಮನೆಯಲ್ಲಿ ಮಗ್ಗದ ಸಪ್ಪಳ. ಇಲ್ಲಿ ನೇಯ್ದ ಸೀರೆ ಮಹಾರಾಷ್ಟ್ರದ ಪೇಟೆಗಳಿಗೆ ಹೋಗುತ್ತದೆ. ಅಂಥ ಊರಿನ ಹತ್ತು-ಇಪ್ಪತ್ತು ಕಿಲೋಮೀಟರ್ ಆಸುಪಾಸಿಗೆ ಐನೂರು ಕಿಲೋಮೀಟರ್ ದೂರದಿಂದ ಹಳೇ ಸೀರೆ ಲಾರಿಯಲ್ಲಿ ಬರುತ್ತದೆ! ಲಾರಿ ಬಾಡಿಗೆಯ ದುಡ್ಡಿನಲ್ಲೇ ಬನಹಟ್ಟಿಯ ನೇಕಾರನಿಂದ ಎಷ್ಟೋ ಹೊಸ ಸೀರೆ ಕೊಳ್ಳಬಹುದು. ಸಂತ್ರಸ್ತೆಗೆ ಹೊಸ ಸೀರೆ, ನೂಲು ನೆನೆದು ಕೈಕಟ್ಟಿ ಕುಳಿತ ನೇಕಾರನಿಗೆ ಒಂದು ವಾರದ ದುಡಿಮೆ. ಜಿಲ್ಲಾಡಳಿತವಾಗಲಿ ಸಂಘ-ಸಂಸ್ಥೆಗಳಾಗಲಿ ನೇಕಾರರ ಸಹಕಾರಿ ಸಂಘಗಳ ಜತೆ ಬೇಸಿಗೆಯಲ್ಲೇ ಮಾತಾಡಿ, ಇಂತಿಷ್ಟು ಸೀರೆ ಮಳೆಗಾಲಕ್ಕೆ ಕಾಯ್ದಿಡಿ ಎಂದು ಮುಂಗಡ ಕೊಟ್ಟರೆ ಅದಕ್ಕಿಂತ ಒಳ್ಳೆಯ ಬಟ್ಟೆ ದಾಸ್ತಾನು ಬೇರೆ ಬೇಕಿಲ್ಲ.

ತಪ್ಪು ಕಲ್ಪನೆ: “ಮೊದಲು ಜನ ಬದುಕಲಿ, ದನಗಳ ಮಾತು ಆಮೇಲೆ.”

ವಾಸ್ತವ: ದನ ಬಿಟ್ಟು ಜನ ಬರುವುದಿಲ್ಲ. ಬೋಟು ಬಾಗಿಲಿಗೆ ಬಂದು ನಿಂತರೂ ‘ಎಮ್ಮಿ ಬಿಟ್ಟು ನಾ ಎಲ್ಲಿ ಬರ್ಲೋ ತಮ್ಮಾ’ ಎಂದು ಕಟ್ಟೆ ಮೇಲೆ ಕುಳಿತ ಅಜ್ಜಿಯನ್ನು ಹೊಳೆಸಾಲಿನ ಯಾವ ಊರಿನಲ್ಲಿ ಕೇಳಿದರೂ ತೋರಿಸುತ್ತಾರೆ. ಅವಳದು ಹಟವಲ್ಲ, ಲೆಕ್ಕ. ಕರೆಯುವ ಎಮ್ಮೆ ಒಂದು ಹೋದರೆ ಆ ಮನೆಯ ದಿನದ ಸಂತೆ ಖರ್ಚೇ ಹೋಯಿತು. ಸರ್ಕಾರದ ಪರಿಹಾರ ಬಂದರೂ ಅದರಲ್ಲಿ ಅಂಥ ಎಮ್ಮೆ ಮತ್ತೆ ಸಿಗುವುದಿಲ್ಲ.

ಹಾಗಾಗಿ ಮೇವು ಎಂಬುದು ನೆರವಿನ ಪಟ್ಟಿಯ ಕೊನೆಯಲ್ಲಿ ಸೇರಿಸುವ ಬಾಬತ್ತಲ್ಲ. ಜನರನ್ನು ಹೊರತರುವ ಮೊದಲ ಸಾಧನವೇ ಅದು. ಎಮ್ಮೆಯೊಂದಕ್ಕೆ ಹಸಿ-ಒಣ ಸೇರಿ ದಿನಕ್ಕೆ 20 ಕೆ.ಜಿ. ಮೇವು ಎಂದು ಹಿಡಿದರೂ ನೂರು ದನಕ್ಕೆ ದಿನಕ್ಕೆ 2 ಟನ್ ಆಯಿತು. ವಾರಕ್ಕೆ 14 ಟನ್. ಇದು ಒಂದು ಚಿಕ್ಕ ಊರಿನ ಮಾತು. ಕಬ್ಬಿನ ನಾಡಿನಲ್ಲಿ ಮೇವಿಗೇನು ಬರ ಎಂದು ಹೊರಗಿನವರಿಗೆ ಅನಿಸಬಹುದು. ಆದರೆ ಕಬ್ಬು ಕಡಿಯುವುದು ದೀಪಾವಳಿ ಹೊತ್ತಿಗೆ ಕಾರ್ಖಾನೆ ಶುರುವಾದ ಮೇಲೆ; ತುದಿಯ ಹಸಿರು ಮೇವು ಸಿಗುವುದು ಆಗ. ಆಗಸ್ಟ್‌ನಲ್ಲಿ ರೈತನ ಕೈಯಲ್ಲಿ ಇರುವುದು ಹಿಂಗಾರಿ ಜೋಳದ ಕಣಕಿ. ಅದರ ಬಣವೆ ಇರುವುದು ಹೊಲದಲ್ಲಿ, ಹೊಲ ಇರುವುದು ಹೊಳೆಯ ಮಗ್ಗುಲಲ್ಲಿ. ಹೊಳೆ ಮನೆಗೆ ಬರುವ ಮೊದಲು ಬಣವೆಯನ್ನು ಒಯ್ದಿರುತ್ತದೆ. ಮೇ ತಿಂಗಳಲ್ಲೇ ಕಣಕಿ ಕೊಂಡು, ಎತ್ತರದ ಗಾಯರಾಣದಲ್ಲಿ ಊರೊಟ್ಟಿನ ಬಣವೆ ಹಾಕಿ, ಮೇಲೆ ತಾಡಪತ್ರಿ ಹೊದಿಸಿಡುವುದಕ್ಕೆ ದೊಡ್ಡ ತಂತ್ರಜ್ಞಾನ ಬೇಕಿಲ್ಲ. ಅಲ್ಲೇ ದನ ಕಟ್ಟಲು ಗೂಟ, ಕುಡಿಯಲು ನೀರಿನ ತೊಟ್ಟಿ, ಪಶುವೈದ್ಯರ ಭೇಟಿ ಗೊತ್ತಾಗಿದ್ದರೆ ಅಜ್ಜಿ ಬೋಟು ಬರುವ ಮುಂಚೆಯೇ ಎಮ್ಮೆ ಹೊಡೆದುಕೊಂಡು ನಡೆದೇ ಬರುತ್ತಾಳೆ. 2024ರಲ್ಲಿ ಘಟಪ್ರಭೆ ಏರಿದಾಗ ಮುಧೋಳ ಕಡೆಯ ಜನ ದನಕರುಗಳ ಸಮೇತ ಕಾಳಜಿ ಕೇಂದ್ರಗಳಿಗೆ ಬಂದರು. ದನ ಕಟ್ಟಲು ಜಾಗವಿಲ್ಲದ ಕೇಂದ್ರಕ್ಕೆ ಅವರು ಬರುವುದು ಕಷ್ಟ.

ತಪ್ಪು ಕಲ್ಪನೆ: “ದೂರದಿಂದ ಬಂದ ದೊಡ್ಡ ನೆರವೇ ಜೀವ ಉಳಿಸುತ್ತದೆ.”

ವಾಸ್ತವ: ವಿಮಾನ, ಹೆಲಿಕಾಪ್ಟರ್ ಕಣ್ಣಿಗೆ ಕಾಣುತ್ತವೆ, ಅವುಗಳ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಮೊದಲ ಗಂಟೆಗಳು ಯಾವಾಗಲೂ ನೆರೆಮನೆಯವರವು. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಭೂಕಂಪವಾದಾಗ ಇಡೀ ಜಗತ್ತೇ ನೆರವು ಕಳಿಸಿತು. ಕಠ್ಮಂಡುವಿನ ವಿಮಾನ ನಿಲ್ದಾಣಕ್ಕೆ ಇದ್ದದ್ದು ಒಂದೇ ರನ್‌ವೇ. ಬಂದ ವಿಮಾನಗಳಿಗೆ ಇಳಿಯಲು ಸರದಿ ಸಿಗದಾಯಿತು. ವಾರ ಕಳೆಯುವಷ್ಟರಲ್ಲಿ ರನ್‌ವೇ ಬಿರುಕು ಬಿಟ್ಟು ಭಾರೀ ವಿಮಾನಗಳು ಇಳಿಯುವುದನ್ನೇ ನಿಲ್ಲಿಸಬೇಕಾಯಿತು. ಇಳಿದ ಸಾಮಾನೂ ಬೆಟ್ಟದ ಹಳ್ಳಿಗೆ ಮುಟ್ಟಲು ಮತ್ತೆ ದಿನಗಳು ಹಿಡಿದವು.

ನಮ್ಮಲ್ಲಿ ಎನ್‌ಡಿಆರ್‌ಎಫ್ ಯೋಧರು ಜೀವದ ಹಂಗು ತೊರೆದು ದುಡಿದಿದ್ದಾರೆ. ಆದರೂ ಅವರ ಬೆಟಾಲಿಯನ್ನುಗಳು ಇರುವುದು ವಿಜಯವಾಡ, ಪುಣೆಯಂಥ ದೂರದ ನೆಲೆಗಳಲ್ಲಿ. ಅವರು ಬರುವವರೆಗೆ ನೀರಿನಲ್ಲಿ ಇಳಿಯುವುದು ಊರ ಅಂಬಿಗ, ಊರ ಟ್ರ್ಯಾಕ್ಟರು. ಈ ಭಾಗಕ್ಕೆ ಒಂದು ಅನುಕೂಲವೂ ಇದೆ. ಸಮೀರವಾಡಿಯಿಂದ ಹಿರೇಪಡಸಲಗಿಯವರೆಗೆ ಸಕ್ಕರೆ ಕಾರ್ಖಾನೆಗಳು ಹಬ್ಬಿರುವ ಸೀಮೆ ಇದು. ಮಳೆಗಾಲದಲ್ಲಿ ಕಾರ್ಖಾನೆ ಬಂದ್. ಕಬ್ಬು ಸಾಗಿಸುವ ನೂರಾರು ಟ್ರ್ಯಾಕ್ಟರು, ಟ್ರೇಲರುಗಳು ಖಾಲಿ ನಿಂತಿರುತ್ತವೆ. ಮೊಳಕಾಲುದ್ದ ನೀರಿನಲ್ಲಿ ಲಾರಿ ನಿಂತುಹೋದ ಕಡೆ ಟ್ರ್ಯಾಕ್ಟರು ಸಾಗುತ್ತದೆ, ದನಗಳನ್ನೂ ಹೇರಿ ತರುತ್ತದೆ. ಯಾವ ಊರಿಗೆ ಯಾರ ಟ್ರ್ಯಾಕ್ಟರು, ಚಾಲಕ ಯಾರು, ಡೀಸೆಲ್ ಎಲ್ಲಿ ಎಂಬ ಪಟ್ಟಿಯನ್ನು ಕಾರ್ಖಾನೆಗಳ ಕಬ್ಬು ವಿಭಾಗದವರು ಕುಳಿತಲ್ಲೇ ಮಾಡಿಕೊಡಬಲ್ಲರು, ಏಕೆಂದರೆ ಹಂಗಾಮಿನಲ್ಲಿ ಅವರು ದಿನಾ ಮಾಡುವ ಕೆಲಸವೇ ಅದು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ವಂತಿಗೆ ಹಾಕಿ, ಶ್ರಮದಾನ ಮಾಡಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದ ನೆಲ ಇದು. ಸರ್ಕಾರ ಬರಲಿ ಎಂದು ಕಾಯದೆ ಕೆಲಸಕ್ಕೆ ಇಳಿಯುವುದನ್ನು ಇಲ್ಲಿಯವರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ತಪ್ಪು ಕಲ್ಪನೆ: “ಬಿಸ್ಕತ್ತು, ನೂಡಲ್ಸು, ಬಾಟಲಿ ನೀರು ಕಳಿಸಿದರೆ ತಪ್ಪೇನು?”

ವಾಸ್ತವ: ಒಂದು ದಿನಕ್ಕೆ ತಪ್ಪಿಲ್ಲ. ನೀರಿನ ಲೆಕ್ಕ ಮಾತ್ರ ಬೇರೆ. ನೆರವು ಕಾರ್ಯಕ್ಕೆ ಜಗತ್ತಿನಾದ್ಯಂತ ಒಪ್ಪಿರುವ ಸ್ಫಿಯರ್ ಮಾನದಂಡದಂತೆ ಕುಡಿಯಲು, ಅಡುಗೆಗೆ, ಮೈ-ಕೈ ತೊಳೆಯಲು ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಬೇಕು. ಸಾವಿರ ಜನಕ್ಕೆ 15 ಸಾವಿರ ಲೀಟರ್, ಅಂದರೆ 15 ಟನ್ ತೂಕ, ಅದೂ ದಿನಾ. ಬಾಟಲಿಯಲ್ಲಿ ಇದು ಆಗುವ ಮಾತಲ್ಲ. ಟ್ಯಾಂಕರು, ಕ್ಲೋರಿನ್ ಮಾತ್ರೆ, ಮುಚ್ಚಳವಿರುವ ಕೊಡ ಇದ್ದರೆ ಅದೇ ಕೆಲಸ ಸಲೀಸಾಗಿ ಆಗುತ್ತದೆ. ಕ್ಲೋರಿನ್ ಮಾತ್ರೆಯ ಪೆಟ್ಟಿಗೆಯನ್ನು ಒಬ್ಬ ಆಶಾ ಕಾರ್ಯಕರ್ತೆ ಕೈಚೀಲದಲ್ಲಿ ಒಯ್ಯಬಹುದು.

ಊಟದ ವಿಷಯದಲ್ಲಿ ನಮ್ಮವರ ಅಡುಗೆಮನೆಯೇ ದಾರಿ ತೋರಿಸಿದೆ. ಕಡಕ್ ರೊಟ್ಟಿ ವಾರಗಟ್ಟಲೆ ಇಟ್ಟರೂ ಕೆಡುವುದಿಲ್ಲ, ಫ್ರಿಜ್ ಬೇಡ, ಒಲೆ ಬೇಡ; ಮೇಲೆ ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ ಇದ್ದರೆ ಹೊಟ್ಟೆ ತುಂಬುತ್ತದೆ. 2019ರಲ್ಲಿ ನೀರು ಮುಟ್ಟದ ಊರುಗಳ ಹೆಣ್ಣುಮಕ್ಕಳು ಮನೆಮನೆಯಲ್ಲಿ ರೊಟ್ಟಿ ಬಡಿದು ಚೀಲಗಟ್ಟಲೆ ಕಳಿಸಿದರು. ಪಡೆದವರಿಗೆ ಅದು ತಮ್ಮದೇ ಊಟ. ಮುದುಕರಿಗೆ ಸಾರಿನಲ್ಲಿ ನೆನೆಸಿಕೊಟ್ಟರೂ ನಡೆಯುತ್ತದೆ. ರೊಟ್ಟಿ ಮಾಡಿ ಮಾರುವ ಸ್ತ್ರೀಶಕ್ತಿ ಸಂಘಗಳಿಗೆ ಜುಲೈ ತಿಂಗಳಲ್ಲೇ ಆರ್ಡರು ಕೊಟ್ಟಿಡುವುದು ನನ್ನ ಮಟ್ಟಿಗೆ ಯಾವ ಆಮದು ಬಿಸ್ಕತ್ತಿಗಿಂತಲೂ ಭದ್ರ ಏರ್ಪಾಡು.

ತಪ್ಪು ಕಲ್ಪನೆ: “ಔಷಧ, ಹಾಲಿನ ಪುಡಿ ಎಷ್ಟು ಬಂದರೂ ಬೇಕು.”

ವಾಸ್ತವ: ಮನೆಯಲ್ಲಿ ಉಳಿದ ಮಾತ್ರೆ, ಅರ್ಧ ಖಾಲಿಯಾದ ಸಿರಪ್ಪು ಕಳಿಸಲೇಬಾರದು. ದಾನದ ಔಷಧ ತಲುಪುವ ಹೊತ್ತಿಗೆ ಅದರ ಅವಧಿ ಕನಿಷ್ಠ ಒಂದು ವರ್ಷ ಬಾಕಿಯಿರಬೇಕು, ಹೆಸರು-ವಿವರ ಅಲ್ಲಿನ ವೈದ್ಯರಿಗೆ ಓದಲು ಬರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಹಾಲಿನ ಪುಡಿಯನ್ನು ಕೆಟ್ಟ ನೀರಿನಲ್ಲಿ ಕದಡಿ ಕೂಸಿಗೆ ಕುಡಿಸಿದರೆ ಭೇದಿ ಹಿಡಿಯುತ್ತದೆ. ತಾಯಿಗೆ ಹೊಟ್ಟೆ ತುಂಬ ಊಟ, ಮರೆಯಾಗಿ ಕುಳಿತು ಹಾಲುಣಿಸಲು ಒಂದು ಮೂಲೆ ಕೊಡುವುದೇ ಸರಿ. ನೆರೆಯ ದಿನಗಳಲ್ಲಿ ತುರ್ತಾಗಿ ಬೇಕಾಗುವುದು ಓಆರ್‌ಎಸ್ ಪೊಟ್ಟಣ, ಹಾವಿನ ವಿಷಕ್ಕೆ ಮದ್ದು, ಬಿಪಿ-ಸಕ್ಕರೆ ಕಾಯಿಲೆಯವರ ದಿನದ ಮಾತ್ರೆ. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ, ಮನೆ ಬಿಡುವ ಗಡಿಬಿಡಿಯಲ್ಲಿ ರೋಗಿಗಳೂ ಮರೆತು ಬಂದಿರುತ್ತಾರೆ.

ತಪ್ಪು ಕಲ್ಪನೆ: “ದುಡ್ಡು ಕೊಟ್ಟರೆ ಪೋಲಾಗುತ್ತದೆ, ಸಾಮಾನೇ ಕೊಡಬೇಕು.”

ವಾಸ್ತವ: ಮೊದಲ ನಾಲ್ಕಾರು ದಿನ ಸಾಮಾನೇ ಸರಿ. ಅಂಗಡಿ ನೀರಲ್ಲಿದ್ದರೆ, ದಾರಿ ಮುಚ್ಚಿದ್ದರೆ ಕೈಯಲ್ಲಿ ನೋಟಿದ್ದು ಏನು ಮಾಡುವುದು? ಆದರೆ ದಾರಿ ತೆರೆದ ಮೇಲೆ ಪೇಟೆಯಲ್ಲಿ ಕಾಳು-ಕಡಿ, ಪಾತ್ರೆ, ಬಟ್ಟೆ ಎಲ್ಲವೂ ಸಿಗುತ್ತವೆ. ಆಗ ಒಂದು ಮನೆಗೆ ಏನು ಬೇಕು ಎಂಬುದು ಆ ಮನೆಯ ಹೆಣ್ಣುಮಗಳಿಗೆ ಗೊತ್ತಿರುವಷ್ಟು ಬೆಂಗಳೂರಿನಲ್ಲಿ ಕಿಟ್ ಕಟ್ಟುವವರಿಗೆ ಗೊತ್ತಿರಲು ಸಾಧ್ಯವಿಲ್ಲ. ಒಬ್ಬಳಿಗೆ ಹಂಚು ಬೇಕು, ಇನ್ನೊಬ್ಬಳಿಗೆ ಮಗಳ ಪಠ್ಯಪುಸ್ತಕ ಬೇಕು, ಮತ್ತೊಬ್ಬಳಿಗೆ ಸಂಘದ ಸಾಲದ ಕಂತು ಕಟ್ಟಬೇಕು. ಹಣ ಸ್ಥಳೀಯ ಅಂಗಡಿಗೆ ಹೋದರೆ ಅಂಗಡಿಯವನೂ ಎದ್ದು ನಿಲ್ಲುತ್ತಾನೆ. ಅವನೂ ನೆರೆಯಲ್ಲಿ ನೊಂದವನೇ.

2019ರಲ್ಲಿ ಕೇಂದ್ರದ ವಿಪತ್ತು ನಿಧಿಯ ನಿಯಮದಂತೆ ಮನೆಗೆ ನೀರು ನುಗ್ಗಿದ ಕುಟುಂಬಕ್ಕೆ ಬಟ್ಟೆಗೆ 1,800, ಪಾತ್ರೆ-ಪಗಡಕ್ಕೆ 2,000 ಸೇರಿ 3,800 ರೂಪಾಯಿ ಸಿಗಬೇಕಿತ್ತು. ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ ಅದನ್ನು 10,000 ರೂಪಾಯಿ ಮಾಡಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಸರಿಯಾದ ನಿರ್ಧಾರ. ತೊಡಕಾದದ್ದು ಕಾಗದಪತ್ರದಲ್ಲಿ. ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡು, ಹೊಲದ ಉತಾರ ಟ್ರಂಕಿನಲ್ಲಿದ್ದು ನೆನೆದು ಮುದ್ದೆಯಾದರೆ ಹಣ ಪಡೆಯುವವನು ತಾನು ಯಾರೆಂದು ತೋರಿಸಬೇಕಾಗುತ್ತದೆ. ನೀರು ಒಳಹೋಗದ ಒಂದು ದಪ್ಪ ಪ್ಲಾಸ್ಟಿಕ್ ಲಕೋಟೆಯನ್ನು ಜೂನ್ ತಿಂಗಳಲ್ಲಿ ಮನೆಮನೆಗೆ ಹಂಚುವುದು ತೀರ ಅಗ್ಗದ, ಆದರೆ ಬಹಳ ದೊಡ್ಡ ನೆರವು. ಇದನ್ನು ಯಾವ ದಾನಿಯ ಪಟ್ಟಿಯಲ್ಲೂ ನಾನು ಕಂಡಿಲ್ಲ.

ತಪ್ಪು ಕಲ್ಪನೆ: “ಲಾರಿ ಊರು ಮುಟ್ಟಿದರೆ ಹಂಚುವುದೇನು ಮಹಾ.”

ವಾಸ್ತವ: ಹಂಚಿಕೆಯೇ ಎಲ್ಲಕ್ಕಿಂತ ಕಠಿಣ. ಹೊರಗಿನಿಂದ ಬಂದ ವಾಹನ ಡಾಂಬರು ರಸ್ತೆ ಮೇಲೆ ಮೊದಲು ಸಿಕ್ಕ ಊರಿನಲ್ಲಿ ನಿಲ್ಲುತ್ತದೆ. ಎರಡನೆಯದೂ ಅಲ್ಲೇ, ಮೂರನೆಯದೂ ಅಲ್ಲೇ. ರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗಿನ ಊರಿಗೆ, ಹೊಲದಲ್ಲೇ ಮನೆ ಮಾಡಿಕೊಂಡ ತೋಟದ ಮನೆಗಳಿಗೆ ಏನೂ ಸಿಗುವುದಿಲ್ಲ. ನಮ್ಮ ಭಾಗದಲ್ಲಿ ತೋಟದಲ್ಲೇ ಇರುವ ಕುಟುಂಬಗಳು ಹೆಚ್ಚು. ಅವರ ಮನೆಗಳೇ ಹೊಳೆಗೆ ಹತ್ತಿರ.

ಇನ್ನು ಯಾರಿಗೆ ಎಂಬ ಪ್ರಶ್ನೆ. ರೇಷನ್ ಕಾರ್ಡು ಹಿಡಿದು ಪಟ್ಟಿ ಮಾಡಿದರೆ ಒಂದೇ ಕಾರ್ಡಿನಲ್ಲಿ ಮೂರು ಒಲೆ ಹಚ್ಚಿದ ಅಣ್ಣತಮ್ಮಂದಿರು ಒಂದೇ ಕಿಟ್ಟಿಗೆ ಕಿತ್ತಾಡಬೇಕಾಗುತ್ತದೆ. ಮನೆ ಮಾಲೀಕನ ಹೆಸರು ಹಿಡಿದರೆ ಬಾಡಿಗೆಯವರು ಹೊರಗೆ. ಮಗ್ಗದ ಹಾನಿ ಮಾಲೀಕನ ಹೆಸರಿಗೆ ಬರೆದರೆ, ಇನ್ನೊಬ್ಬರ ಮಗ್ಗದಲ್ಲಿ ಕೂಲಿಗೆ ನೇಯುವವನ ಕೆಲಸ ಹೋದದ್ದು ಯಾವ ಕಾಲಮ್ಮಿನಲ್ಲೂ ಬರುವುದಿಲ್ಲ. ಸಾಲಿನಲ್ಲಿ ನೂಕಾಟವಾದರೆ ಗಟ್ಟಿಗರು ಮುಂದೆ. ಗಂಡ ಸತ್ತ ಹೆಣ್ಣುಮಗಳು, ಕಾಲಿಲ್ಲದವರು, ಊರ ಹೊರಗಿನ ಕೇರಿಯವರು ಹಿಂದೆ. ಇದನ್ನು ಸರಿಪಡಿಸುವ ದಾರಿ ಒಂದೇ: ನೀರಿಲ್ಲದ ಕಾಲದಲ್ಲೇ ಊರ ಪಟ್ಟಿಯನ್ನು ಒಲೆ ಲೆಕ್ಕದಲ್ಲಿ ಬರೆದು, ಗ್ರಾಮಸಭೆಯಲ್ಲಿ ಎಲ್ಲರ ಎದುರು ಗಟ್ಟಿಯಾಗಿ ಓದಿ, ಬಿಟ್ಟುಹೋದವರನ್ನು ಸೇರಿಸುವುದು. ಕೇರಿಗೊಬ್ಬಳು ಹೆಣ್ಣುಮಗಳು ಆ ಪಟ್ಟಿ ಮಾಡುವವರಲ್ಲಿ ಇರಬೇಕು. ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ಯಾರ ಮನೆಯಲ್ಲಿ ಬಸುರಿ ಇದ್ದಾಳೆ, ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಎಂಬುದು ಬಾಯಲ್ಲೇ ಇರುತ್ತದೆ. ಕಾಗದಕ್ಕೆ ಇಳಿಸಬೇಕು ಅಷ್ಟೇ. ಹೊರಗಿನಿಂದ ಬರುವವರು ಒಂದು ಫೋನು ಮಾಡಿ ‘ಯಾವ ಊರಿಗೆ ಇನ್ನೂ ಮುಟ್ಟಿಲ್ಲ’ ಎಂದು ಕೇಳಿಕೊಂಡು ಹೊರಟರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ತಪ್ಪು ಕಲ್ಪನೆ: “ನೀರು ಇಳಿಯಿತು, ಇನ್ನು ಎಲ್ಲ ಸರಿಹೋಯಿತು.”

ವಾಸ್ತವ: ಟಿವಿ ಕ್ಯಾಮೆರಾ ಹೋದ ದಿನ ಊರಿನವರ ಕಷ್ಟದ ಎರಡನೇ ಭಾಗ ಶುರು. ಮನೆಯೊಳಗೆ ಕೆಸರು, ಗೋಡೆಗೆ ಬಿರುಕು, ವಾಸನೆ ಹಿಡಿದ ಕಾಳು, ಕೌದಿಗಳು. ಆಗ ಬೇಕಾಗುವುದು ಸಲಿಕೆ, ಬುಟ್ಟಿ, ಬ್ಲೀಚಿಂಗ್ ಪೌಡರು, ಸುಣ್ಣ, ನೀರೆತ್ತುವ ಪಂಪು, ವೈರಿಂಗ್ ಪರೀಕ್ಷಿಸುವ ಒಬ್ಬ ಎಲೆಕ್ಟ್ರಿಷಿಯನ್ನು, ಮಗ್ಗದ ಮೋಟರು ಒಣಗಿಸಿ ರಿಪೇರಿ ಮಾಡುವ ಮೆಕ್ಯಾನಿಕ್ಕು. ಮೊದಲ ವಾರ ಎದ್ದ ದಾನಿಗಳ ಅಲೆಯಲ್ಲಿ ಕಾಲು ಭಾಗವನ್ನು ಮೂರನೇ ವಾರಕ್ಕೆ ಎತ್ತಿಟ್ಟರೂ ಎಷ್ಟೋ ಮನೆಗಳು ಬೇಗ ಒಣಗುತ್ತವೆ.

ತಪ್ಪು ಕಲ್ಪನೆ: “ಒಮ್ಮೆ ತುಂಬಿಟ್ಟರೆ ಉಗ್ರಾಣದ ಚಿಂತೆ ತೀರಿತು.”

ವಾಸ್ತವ: ಇಲಿಗೆ ತಾಡಪತ್ರಿ, ನುಸಿಗೆ ಹಿಟ್ಟು, ಕಾಲಕ್ಕೆ ಔಷಧ ತುತ್ತಾಗುತ್ತವೆ. ಜೋಳದ ಹಿಟ್ಟು ಇಡಬಾರದು, ಜೋಳ ಇಟ್ಟು ಪಕ್ಕದ ಗಿರಣಿಯ ಜತೆ ಮಾತಾಡಿಕೊಂಡಿರಬೇಕು. ಅಕ್ಕಿ, ಬೇಳೆಯನ್ನು ಬೇರೆಯಾಗಿ ಕೊಂಡಿಡುವುದಕ್ಕಿಂತ, ಕಡಿದುಹೋಗುವ ದಡದ ನ್ಯಾಯಬೆಲೆ ಅಂಗಡಿ, ಶಾಲೆಯ ಬಿಸಿಯೂಟದ ಕೋಣೆಗಳಲ್ಲಿ ಮಳೆಗಾಲಕ್ಕೆ ಒಂದು ತಿಂಗಳ ಹೆಚ್ಚುವರಿ ದಾಸ್ತಾನು ಇಟ್ಟು ತಿಂಗಳು ತಿಂಗಳು ಹಳೆಯದನ್ನು ಖರ್ಚು ಮಾಡಿ ಹೊಸದು ತುಂಬಿದರೆ ಏನೂ ಕೆಡುವುದಿಲ್ಲ. ಟಾರ್ಚಿನ ಸೆಲ್ಲು, ಬೋಟಿನ ಎಂಜಿನ್ನು, ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಮೇ ಕೊನೆಯ ವಾರ ತೆಗೆದು ನೋಡಬೇಕು. ಬೋಟನ್ನು ನೀರಿಗೆ ಇಳಿಸಿಯೇ ನೋಡಬೇಕು, ಗೋದಾಮಿನಲ್ಲಿ ಸ್ಟಾರ್ಟ್ ಮಾಡಿ ಅಲ್ಲ. ಇನ್ನು ಬೀಗದ ಕೈ. ಉಗ್ರಾಣ ಆಚೆ ದಡದಲ್ಲಿ, ಅದರ ಕೀಲಿ ಈಚೆ ದಡದ ಪಂಚಾಯಿತಿಯ ಟೇಬಲ್ಲಿನ ಡ್ರಾವರಿನಲ್ಲಿ ಇದ್ದರೆ ಹೊಳೆ ಬಂದ ರಾತ್ರಿ ಬಾಗಿಲು ಒಡೆಯಬೇಕಾಗುತ್ತದೆ. ಕೀಲಿ ಎರಡಿರಬೇಕು. ಒಂದು ಪಿಡಿಒ ಕೈಯಲ್ಲಿ, ಇನ್ನೊಂದು ಆ ದಡದಲ್ಲೇ ವಾಸವಿರುವ, ಗ್ರಾಮಸಭೆ ಹೆಸರಿಸಿದ ಒಬ್ಬ ಹೆಣ್ಣುಮಗಳ ಕೈಯಲ್ಲಿ. ಒಳಗೆ ಏನೇನಿದೆ ಎಂಬ ಪಟ್ಟಿ ಊರ ಗುಡಿಯ ಗೋಡೆಗೆ ಅಂಟಿರಬೇಕು, ಓದಲು ಬಾರದವರಿಗೆ ಯಾರಾದರೂ ಓದಿ ಹೇಳುವಂತೆ, ದೊಡ್ಡ ಅಕ್ಷರದಲ್ಲಿ.